ಪಟ್ಟಿ ಹೆಂಗ ಬಿಚ್ಚಿದ್ರಿ, ಅದನ್ನ ಬರೀರಿ

ನಮಸ್ಕಾರ್ರಿ. ನೀವು ಕಳಿಸಿದ ‘ಹಳೆಯ ಪಿನ್‌ಬಾಲ್ ಯಂತ್ರದ ಪುನರ್ಜನ್ಮ’ ಲೇಖನ ಓದ್ದೆ, ಮರುದಿನ ಮತ್ತೊಮ್ಮೆ ಓದ್ದೆ, ಮನಸ್ಸು ತಡೀಲಿಲ್ಲ, ಎಂಎಸ್‌ಕೆ ಮಿಲ್ ಕಡಿ ಇರೋ ನಿಮ್ಮ ಮಾವನ ವರ್ಕ್‌ಶಾಪಿಗೇ ಹೋಗಿ ಮಷಿನ್ ನೋಡ್ಕೊಂಡು ಬಂದೀನಿ. ಅದಕ್ಕ ಉತ್ತರ ತಡ ಆಯ್ತು. ಹೊಸದಾಗಿ ಬರೆಯೋ ಬೇರೆಯವರೂ ಓದ್ಲಿ ಅಂತ ಇದನ್ನ ಪತ್ರಿಕಿಯೊಳಗೇ ಹಾಕ್ಲಿಕತ್ತೀನಿ, ನಿಮ್ಮ ಹೆಸರು ಹಾಕಿಲ್ಲ. ಗೊತ್ತಿಲ್ದವರಿಗೆ ಒಂದು ಮಾತು, ಪಿನ್‌ಬಾಲ್ ಅಂದ್ರ ನಾಣ್ಯ ಹಾಕಿ, ಗಾಜಿನ ಕೆಳಗಿನ ಇಳಿಜಾರು ಹಲಗಿ ಮ್ಯಾಲ ಉಕ್ಕಿನ ಗುಂಡು ಓಡಿಸಿ ಆಡೋ ಮಷಿನ್.

ಚಲೋ ಇದ್ದದ್ದು ಮೊದಲ ಹೇಳ್ತೀನಿ. ವಿಷಯ ಹೊಸದು, ಕಲಬುರಗಿಯಾಗ ಕೂತು ಇಂಥಾದ್ದರ ಬಗ್ಗೆ ಯಾರೂ ನಮಗ ಬರ್ದು ಕಳಿಸಿದ್ದಿಲ್ಲ. ಕಾಗುಣಿತ ಸ್ವಚ್ಛ ಅದ. ನ್ಯೂಯಾರ್ಕ್‌ದಾಗ ಈ ಆಟಾನ ಜೂಜು ಅಂತ ತಿಳ್ಕೊಂಡು 1942ರಿಂದ 1976ರ ತನಕ ಬ್ಯಾನ್ ಮಾಡಿದ್ದು, 1947ರಾಗ ಫ್ಲಿಪ್ಪರ್ (ಗುಂಡನ್ನ ವಾಪಸ್ ಹೊಡಿಯೋ ಸಣ್ಣ ಕೈ) ಬಂದ ಮ್ಯಾಲ ಆಟ ಕೈಚಳಕದ್ದಾಗಿದ್ದು, ಎಲ್ಲಾ ಸರಿ ಬರ್ದೀರಿ. ಆದ್ರ ಅದಕ್ಕ ಎರಡು ಪುಟ ಕೊಟ್ಟೀರಿ, ಮತ್ತ ನಿಮ್ಮ ಕಣ್ಣ ಮುಂದ ನಡೆದಿದ್ದಕ್ಕ ಒಂದೇ ಒಂದು ವಾಕ್ಯ. ಆ ವಾಕ್ಯ ಇದು:

“ಬಳಿಕ ಹರಸಾಹಸಪಟ್ಟು, ಕಾಲನ ಬಿಗಿಹಿಡಿತದಲ್ಲಿ ಸಿಲುಕಿದ್ದ ಲೋಹದ ಪಟ್ಟಿಗಳನ್ನು ತೆಗೆದು, ಗಾಜನ್ನು ಹೊರತೆಗೆದು, ಮೂಲ ಬಣ್ಣವನ್ನು ಹೊಂದಿಸಿಕೊಂಡೆವು.”

ಈ ವಾಕ್ಯಕ್ಕ ನನಗ ಸಿಟ್ಟು ಬಂದದ. ಉಳಿದ ಲೇಖನದ ಬಗ್ಗೆ ನಾ ಇವತ್ತು ಏನೂ ಹೇಳೂದಿಲ್ಲ, ಇದೊಂದನ್ನೇ ಹಿಡ್ಕೊಂಡು ಕೂಡ್ತೀನಿ.

ಹರಸಾಹಸ ಅಂದ್ರ ಏನು ಮಾಡಿದ್ರಿ? ಓದುವವರು ಮಷಿನ್ ನೋಡಿಲ್ಲ. ಅದು ಸೊಂಟಮಟ ಬರೋ ಪ್ಲೈವುಡ್ ಪೆಟ್ಟಿಗಿ, ನಾಲ್ಕು ಕಾಲು, ಮ್ಯಾಲ ಗಾಜು, ಗಾಜಿನ ಎರಡೂ ಬಾಜೂಕ ಉದ್ದಕ್ಕ ಒಂದೊಂದು ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿ, ಪೆಟ್ಟಿಗಿ ಅಂಚಿನ ಮ್ಯಾಲ ಮಡಚಿ ಕೂತಿರ್ತದ. ಇಷ್ಟನ್ನಾದ್ರೂ ನೀವು ಹೇಳಬೇಕಿತ್ತು. ಆ ಪಟ್ಟಿ ಯಾಕ ಬರೂದಿಲ್ಲ ಅಂತ ಹೇಳಬೇಕಿತ್ತು. ನಿಮ್ಮ ಮಾವ ಹೊರಗ ಬಂದ ಮೊಳಿ ಎಲ್ಲಾ ಒಂದು ಖಾಲಿ ಡಬ್ಬ್ಯಾಗ ಹಾಕಿಟ್ಟಾರ, ಅದರಾಗಿಂದ ಒಂದು ತೆಗದು ನನ್ನ ಅಂಗೈ ಮ್ಯಾಲ ಇಟ್ರು. ನಮ್ಮ ಹಾರ್ಡ್‌ವೇರ್ ಅಂಗಡಿಯಾಗ ತೂಕದ ಮ್ಯಾಲ ಕೊಡ್ತಾರಲ್ಲ, ಆ ಮೊಳಿ ಹಂಗ ನುಣ್ಣಗಿಲ್ಲ ಅದು. ಮೈತುಂಬ ಉಂಗುರ ಉಂಗುರ ಗೆರಿ, ಗೆರಿ ಸಂದ್ಯಾಗ ಪ್ಲೈವುಡ್ಡಿನ ನಾರು ಇನ್ನೂ ಸಿಕ್ಕೊಂಡದ. ಅದನ್ನ ಜಗ್ಗಿದ್ರ ಮೊಳಿ ಒಂದೇ ಬರೂದಿಲ್ಲ, ಪ್ಲೈವುಡ್ಡಿನ ಪದರನೂ ಕಿತ್ಕೊಂಡು, ಅದರ ಮ್ಯಾಲಿನ ಬಣ್ಣನೂ ಕಿತ್ಕೊಂಡು ಬರ್ತದ. ಆಡೋ ಮಂದಿ ಮಷಿನ್ನಿಗೆ ಕೈ ಹಚ್ಚಿ ಅಲುಗಾಡ್ಸೇ ಆಡ್ತಾರ, ಅಂಥಾದ್ದಕ್ಕ ಸಡಿಲಾಗಬಾರ್ದು ಅಂತ ಹೊಡೆದ ಮೊಳಿ ಅವು. ಹಿಡಿದಿದ್ದು ಮೊಳಿ. ಕಾಲನನ್ನ ಯಾಕ ನಡುವ ತಂದ್ರಿ?

ಬಿಚ್ಚಿದ ಬಗೀನ ನಿಮ್ಮ ಮಾವ ನನಗ ನಿಂತು ತೋರಿಸಿದ್ರು, ನೀವು ಅಲ್ಲೇ ಕೆಲಸಕ್ಕ ಇದ್ರಿ ಅಂತನೂ ಹೇಳಿದ್ರು. ಮೊದಲ ಮುಂದಿನ ತುದಿ ಬೋಲ್ಟು, ಹಿಂದಿನ ತುದಿ ಸ್ಕ್ರೂ ಬಿಚ್ಚಿದ್ರಂತ. ಆಮ್ಯಾಲ ಪೇಂಟರ್‌ಗಳು ಪುಟ್ಟಿ ಹಚ್ಚೋ ತೆಳು ಪತ್ತಿ ಒಂದು ಪಟ್ಟಿ ಮತ್ತ ಕಟ್ಟಿಗಿ ನಡುವ ಹಗುರಕ್ಕ ತೂರಿಸಿ, ಅದರ ಮ್ಯಾಲ ಇನ್ನೊಂದು ಪತ್ತಿ ತೂರಿಸಿ, ಆ ಎರಡು ಪತ್ತಿ ನಡುವ ಸಣ್ಣ ಸಬ್ಬಲ್ ಹಾಕಿ ಎಬ್ಬಿಸಿದ್ರು. ಯಾಕ ಎರಡು? ಜೋರು ಕೊಟ್ರ ಭಾರ ಕೆಳಗಿನ ಪತ್ತಿ ಮ್ಯಾಲ ಬೀಳ್ಬೇಕು, ಕಟ್ಟಿಗಿ ಅಂಚಿನ ಮ್ಯಾಲ ಬೀಳಬಾರ್ದು, ಅಂಚು ಒಮ್ಮೆ ತಗ್ಗು ಬಿದ್ರ ಮುಗೀತು. ಮತ್ತ ಒಂದು ಮೊಳಿ ಪೂರ್ತಿ ಎಬ್ಬಿಸಿ ಮುಂದಿನದಕ್ಕ ಹೋಗೂದಲ್ಲ. ಒಂದಕ್ಕ ಕೂದಲೆಳಿಯಷ್ಟು, ಆಮ್ಯಾಲ ಮುಂದಿನದಕ್ಕ ಅಷ್ಟೇ, ತುದಿಗೆ ಹೋಗಿ ಮತ್ತ ಮೊದಲಿಂದ. ಒಂದೇ ಕಡಿ ಎಬ್ಬಿಸಿದ್ರ ಸ್ಟೀಲ್ ಪಟ್ಟಿ ನಡುವ ಮುರುವು ಬೀಳ್ತದ, ಆ ಮುರುವು ಎಷ್ಟು ತಟ್ಟಿದ್ರೂ ಬೆಳಕಿಗೆ ಹಿಡಿದಾಗ ಕಾಣ್ತದ. ಮೂರ್ನಾಕು ಮೊಳಿ ಏನು ಮಾಡಿದ್ರೂ ಏಳ್ಲಿಲ್ಲಂತ, ಅವಕ್ಕ ಹ್ಯಾಕ್ಸಾ ಬ್ಲೇಡ್ ಫ್ರೇಮ್ ಇಲ್ದ ಕೈಯಾಗ ಹಿಡ್ಕೊಂಡು, ಬಟ್ಟಿ ಸುತ್ಕೊಂಡು, ಸಂದ್ಯಾಗಿಂದ ಕೊಯ್ದಾರ. ಕೊಯ್ದವರು ನೀವು! ನಿಮ್ಮ ಬಲಗೈ ಬೆರಳಿಗೆ ಪಟ್ಟಿ ಕಟ್ಟಿತ್ತು ಅಂತ ನಿಮ್ಮ ಮಾವ ಹೇಳಿದ್ರು, ಮಷಿನ್ನಿನ ಸ್ಟೀಲ್ ಪಟ್ಟಿ ಅಂಚು ಬ್ಲೇಡ್ ಹಂಗ ಇರ್ತದ, ಕೈಗವಸು ಇಲ್ದ ಮುಟ್ಟಬಾರ್ದು ಅಂತ ಓದುವವರಿಗೆ ಹೇಳೋ ಹಕ್ಕು ನಿಮಗಿತ್ತು, ಹೇಳ್ಲಿಲ್ಲ.

“ಪಟ್ಟಿಗಳನ್ನು ತೆಗೆದು, ಗಾಜನ್ನು ಹೊರತೆಗೆದು.” ಇದು ಉಲ್ಟಾ ಅದ. ಗಾಜು ಮೊದಲ ಬರ್ತದ. ನಾಣ್ಯ ಹಾಕೋ ಬಾಗಿಲು ತೆಗದು, ಒಳಗ ಕೈ ಹಾಕಿ ಲಿವರ್ ಎಳೆದ್ರ ಮುಂದಿನ ಅಡ್ಡ ಪಟ್ಟಿ ಮ್ಯಾಲೇಳ್ತದ, ಅದನ್ನ ತೆಗೆದಿಟ್ಟು ಗಾಜನ್ನ ನಮ್ಮ ಕಡಿ ಜಾರಿಸ್ಕೊಂಡು ತೆಗೀಬೇಕು. ಗಾಜು ಇದ್ದಂಗೇ ಯಾರರ ಬಾಜೂ ಪಟ್ಟಿಗೆ ಸಬ್ಬಲ್ ಹಾಕಿದ್ರ, ಆ ಟೆಂಪರ್ಡ್ ಗಾಜು ಒಂದೇ ಏಟಿಗೆ ಚೂರು ಚೂರಾಗಿ ಒಳಗಿನ ಆಟದ ಹಲಗಿ ತುಂಬ ಬೀಳ್ತದ. ನೀವು ಕ್ರಮ ತಪ್ಪಿ ಮಾಡಿಲ್ಲ, ನನಗ ಗೊತ್ತು. ಬರಿಯುವಾಗ ಕಿವಿಗೆ ಹಿತ ಆಗೋ ಹಂಗ ಜೋಡಿಸೀರಿ. ನಿಮ್ಮನ್ನ ನಂಬಿ ಯಾರರ ಹಂಗೇ ಮಾಡಿದ್ರ?

“ಪಟ್ಟಿಗಳನ್ನು” ಅಂತ ಬರ್ದೀರಿ. ಬಂದದ್ದು ಬಲಗಡಿದು ಒಂದೇ. ಎಡಗಡಿದು ಇನ್ನೂ ಹಂಗೇ ಕೂತದ, ನಾ ಮುಟ್ಟಿ ನೋಡೀನಿ.

“ಮೂಲ ಬಣ್ಣವನ್ನು ಹೊಂದಿಸಿಕೊಂಡೆವು.” ಎಲ್ಲಿಂದ? ಇಲ್ಲಿ ನನಗ ಭಾಳ ಸಂಕಟ ಆಯ್ತು, ಯಾಕಂದ್ರ ಇಡೀ ಲೇಖನದ ಜೀವ ಇಲ್ಲೇ ಇತ್ತು. ಪೆಟ್ಟಿಗಿ ಹೊರಗ ಮಾಸಿದ ಹಳದಿ ಕಾಣ್ತದ, ಕೆಂಪಂತೂ ಇಟ್ಟಂಗಿ ಪುಡಿ ಆಗ್ಯಾದ. ಆದ್ರ ಪಟ್ಟಿ ತೆಗೆದ ಜಾಗಾದಾಗ, ಬೆರಳಗಲ ಇಲ್ಲ ಅದು, ಐವತ್ತು ವರ್ಷ ಬೆಳಕು ಬೀಳದ ಕೆನಿ ಬಿಳುಪು ಮತ್ತ ಕಡುಗೆಂಪು ಹಂಗೇ ಉಳದಾವ. ನಿಮ್ಮ ಮಾವ ಪೇಂಟಿನ ಅಂಗಡಿಯಿಂದ ತಂದ ಶೇಡ್ ಕಾರ್ಡ್ ಆ ಸಣ್ಣ ಗೆರಿಗೆ ಹಚ್ಚಿ ಹಿಡಿದು ತೋರಿಸಿದ್ರು. ಪಟ್ಟಿ ಜ್ವಾಕಿಯಿಂದ ಬಿಚ್ಚೂದು ಯಾಕ ಅಂದ್ರ ಇದಕ್ಕ. ಬಣ್ಣ ಕಿತ್ತು ಬಂದಿದ್ರ ಅಳತಿಗೆ ಮೂಲನೇ ಉಳೀತಿರ್ಲಿಲ್ಲ.

ಇನ್ನೊಂದು. ಕೊನಿಗೆ “ಹೀಟ್ ಗನ್‌ನಿಂದ ಶಾಖ ನೀಡಿದರೆ ಪಟ್ಟಿಗಳು ಸುಲಭವಾಗಿ ಬರುತ್ತವೆ” ಅಂತ ಸಲಹಾ ಕೊಟ್ಟೀರಿ. ಅದು ಡಬಲ್ ಸೈಡ್ ಟೇಪ್ ಹಚ್ಚಿದ ಮಷಿನ್ನಿಗೆ, ನಂತರ ಬಂದ ಎಷ್ಟೋ ಮಷಿನ್ನಿನ ಪಟ್ಟಿ ಹಂಗ ಅಂಟಿಸಿರ್ತಾರ. ಅಲ್ಲಿ ಬಿಸಿ ಮಾಡಿ, ಮೀನಿನ ಗಾಳದ ದಾರ ಅಂಟಿನ ನಡುವ ಗರಗಸದಂಗ ಎಳೆದು ಬಿಡಸ್ತಾರ, ಉಳಿದ ಅಂಟು ಚಿಮಣಿ ಎಣ್ಣಿ ಹಚ್ಚಿ ಒರಸ್ತಾರ. ನಿಮ್ಮದು ಮೊಳಿ ಮಷಿನ್. ಬಿಸಿಗೆ ಮೊಳಿ ಸಡಿಲಾಗೂದಿಲ್ಲ, ಬಣ್ಣ ಗುಳ್ಳಿ ಏಳ್ತದ. ನೀವು ಮಾಡದ ಕೆಲಸದ ಸಲಹಾ ನೀವು ಮಾಡಿದ ಕೆಲಸದ ಲೇಖನದಾಗ ಬಂದು ಕೂತದ, ತೆಗೀರಿ ಅದನ್ನ.

ನಾ ಡೆಸ್ಕಿಗೆ ಸೇರಿದ ಹೊಸತರಾಗ ಬಿದರಿ ಕೆಲಸದ ಬಗ್ಗೆ ಬರೀ ಅಂತ ನಮ್ಮ ಹಿರಿಯರು ನನ್ನ ಬೀದರಕ್ಕ ಕಳಿಸಿದ್ರು. ಹೋಗೋ ಮುಂಚೇನೇ ಹೇಳಿದ್ರು, ಬಹಮನಿ ಸುಲ್ತಾನರ ಕಥಿ ಬ್ಯಾಡ, ಅದು ನನಗ ಗೊತ್ತದ, ಆ ಬಿಳಿ ಲೋಹದ ಮ್ಯಾಲ ಗೆರಿ ಕಾಣ್ತದ ಹೆಂಗ, ಅದನ್ನ ತಿಳ್ಕೊಂಡು ಬಾ. ಹುಮನಾಬಾದ ಮ್ಯಾಲ್ಹಾಸಿ ಬಸ್ಸಿನ್ಯಾಗ ಹೋಗಿ ಒಬ್ಬ ಕುಶಲಕರ್ಮಿ ಬಾಜೂಕ ಸಂಜಿತನ ಕೂತೆ. ಸತು ಜಾಸ್ತಿ, ತಾಮ್ರ ಸ್ವಲ್ಪ ಹಾಕಿ ಎರಕ ಹೊಯ್ದ ಪಾತ್ರಿ ತಿಕ್ಕಿದ ಮ್ಯಾಲ ಬೆಳ್ಳಗ ಹೊಳೀತದ, ಅದರ ಮ್ಯಾಲ ಮೊನಿಯಿಂದ ಗೀಚಿದ್ರ ಏನೂ ಕಾಣೂದಿಲ್ಲ. ಅವರು ಮೈಲುತುತ್ತದ ನೀರು ಬಟ್ಟಿಗೆ ಹಚ್ಚಿ ಒರಸಿದ್ರು, ಪಾತ್ರಿ ಕರ್ರಗಾಯ್ತು, ಈಗ ಗೀಚಿದ ಗೆರಿ ಬೆಳ್ಳಗ ಎದ್ದು ಕಾಣ್ಲಿಕತ್ತು. ಆ ಕಪ್ಪು ಆಮ್ಯಾಲ ಅಳಿಸಿ ಹೋಗ್ತದ. ಬೆಳ್ಳಿ ಕೂಡಿಸಿ, ತಿಕ್ಕಿ, ಕಡೀಕ ಬೀದರ ಕೋಟಿ ಒಳಗಿನ ಮಣ್ಣು ಮತ್ತ ನವಸಾಗರ ಹಾಕಿ ಮಾಡೋ ಕಪ್ಪು ಬ್ಯಾರೆ. ಎಲ್ಲಾರೂ ಕೋಟಿ ಮಣ್ಣಿನ ಬಗ್ಗೆ ಬರೀತಾರ, ನಡುವಿನ ಈ ಅಳಿಸಿ ಹೋಗೋ ಕಪ್ಪು ಬರಿಯೋರು ಕಡಿಮಿ. ಹಿರಿಯರು ನನ್ನ ಬರಹದಾಗ ಆ ಒಂದು ಪ್ಯಾರಾಕ್ಕ ಕೆಂಪು ಪೆನ್ನು ಹಚ್ಚಲಿಲ್ಲ, ಅದನ್ನೇ ಮೊದಲಿಗೆ ತಂದು ಇಟ್ರು, ಉಳಿದದ್ದು ಅರ್ಧ ಕಡಿದ್ರು. ಆವತ್ತಿನಿಂದ ಯಾವ ಬರಹ ಬಂದ್ರೂ ನಾ ಮೊದಲ ಆ ನಡುವಿನ ಕೆಲಸ ಹುಡಕ್ತೀನಿ, ನಿಮ್ಮದ್ರಾಗ ಅದು ಸಿಗದ್ದಕ್ಕೇ ಎಂಎಸ್‌ಕೆ ಮಿಲ್ ತನಕ ಬಂದದ್ದು.

ಈ ರೂಪದಾಗ ಲೇಖನ ಹಾಕ್ಕೊಳ್ಳೂದಿಲ್ರಿ. ಮೊದಲ ಎರಡು ಪುಟ ನಾಕು ಸಾಲಿಗೆ ಇಳಿಸ್ರಿ, ಆ ಒಂದು ವಾಕ್ಯ ಎರಡು ಪುಟ ಮಾಡ್ರಿ. ನಿಮ್ಮ ಮಾವ ಏನಂದ್ರು, ಅವರ ಮಾತಿನ್ಯಾಗೇ ಬರೀರಿ, ಪುಸ್ತಕದ ಭಾಷಾಕ್ಕ ತಿದ್ದಬ್ಯಾಡ್ರಿ. ಆ ಗೆರಿ ಮೊಳಿ ಫೋಟೊ ಹತ್ತಿರದಿಂದ ತೆಗದು ಕಳಸ್ರಿ, ಬಾಜೂಕ ಸಾದಾ ಮೊಳಿ ಇಟ್ಟು.

ಎಡಗಡಿ ಪಟ್ಟಿ ಬರೋ ಐತವಾರ ಬಿಚ್ತೀವಿ ಅಂತ ನಿಮ್ಮ ಮಾವ ಹೇಳ್ಯಾರ. ನೀವು ಕೆಲಸಕ್ಕ ಇರ್ತೀರಿ, ಕಿಸೆದಾಗ ಒಂದು ಸಣ್ಣ ನೋಟ್‌ಬುಕ್ ಇಟ್ಕೋರಿ, ಕೈಗವಸು ಮರೀಬ್ಯಾಡ್ರಿ. ಮುಂದಿನ ಸಂಚಿಕಿಯಾಗ ನಿಮಗ ಜಾಗಾ ಇಟ್ಟಿರ್ತೀನಿ.