ಎದುರಿನ ಗ್ಲಾಸ್ ಕೂರಿಸುವ ಮೊದಲು ತಗಡಿನ ಅಂಚು ನೋಡಿ

ಪ್ರಶ್ನೆ: ಸರ್, ನಮಸ್ಕಾರ. ನಮ್ಮ ಅಜ್ಜನ ಕಾಲದ ಟಾಟಾ ಮರ್ಸಿಡಿಸ್ ಬೆಂಝ್ ಮೂಗಿನ ಲಾರಿ ಮನೆ ಹಿಂದಿನ ಶೆಡ್ಡಿನಲ್ಲಿ ಇಪ್ಪತ್ತು ವರ್ಷ ಹಾಗೇ ನಿಂತಿತ್ತು. ಮಂಗಳೂರಿನಿಂದ ಘಟ್ಟದ ಮೇಲಕ್ಕೆ ಹಂಚು ಸಾಗಿಸಿದ ಲಾರಿ ಅದು. ಈಗ ನಾನು ಮತ್ತು ತಮ್ಮ ಸೇರಿ ಸರಿ ಮಾಡುತ್ತಿದ್ದೇವೆ. ಇಂಜಿನ್, ಬ್ರೇಕ್ ಕೆಲಸ ಮುಗಿಯಿತು. ಪೈಂಟ್ ಬಾಕಿ ಉಂಟು. ಎದುರಿನ ಗ್ಲಾಸ್ ಎರಡು ತುಂಡಿನದು, ಚಪ್ಪಟೆ, ನಡುವೆ ಕಬ್ಬಿಣದ ಕಂಬ. ಒಂದು ಒಡೆದಿದೆ, ಇನ್ನೊಂದರ ಅಂಚು ಹಾಲಿನ ಹಾಗೆ ಬೆಳ್ಳಗಾಗಿದೆ. ರಬ್ಬರ್ ಅಂತೂ ಮರದ ಹಾಗೆ ಗಟ್ಟಿ. ವಿಚಾರಿಸಿದರೆ ಒಬ್ಬರು ಟಫನ್ಡ್ ಗ್ಲಾಸ್ ಹಾಕಿಸಿ ಅಂದರು. ಇನ್ನೊಬ್ಬರು ರಬ್ಬರ್ ಯಾಕೆ, ಸಿಲಿಕಾನ್ ಹಾಕಿ ಅಂಟಿಸಿದರೆ ಆಯ್ತು ಅಂದರು. ನಮಗೆ ಎರಡೂ ಸರಿ ಕಾಣುವುದಿಲ್ಲ. ಏನು ಮಾಡಬೇಕು? — ಹಿರಿಯಡ್ಕದ ಓದುಗರು

ಉತ್ತರ: ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಎರಡೂ ಮಾಡಬೇಡಿ. ಪೈಂಟ್ ಇನ್ನೂ ಆಗಿಲ್ಲ ಅಂದಿರಲ್ಲ, ಅದು ಓದಿ ನನಗೆ ನಿಜವಾಗಿ ಸಮಾಧಾನ ಆಯ್ತು. ಹೆಚ್ಚಿನವರು ನನಗೆ ಬರೆಯುವುದೇ ಪೈಂಟ್ ಎಲ್ಲ ಆಗಿ, ಗ್ಲಾಸ್ ಕೂರಿಸಿ, ಮೊದಲ ಮಳೆಗೆ ಕಾಲ ಬುಡಕ್ಕೆ ನೀರು ಬಂದ ಮೇಲೆ.

ಮೊದಲು ನಿಮ್ಮ ಲಾರಿಯ ವಿಷಯ. ಟೆಲ್ಕೊ (ಈಗಿನ ಟಾಟಾ ಮೋಟಾರ್ಸ್) ಮತ್ತು ಡೈಮ್ಲರ್ ಬೆಂಝ್ ಕಂಪನಿಯ ಒಪ್ಪಂದ 1954ರಿಂದ 1969ರವರೆಗೆ ಇತ್ತು. ಮೂಗಿನ ಮೇಲೆ ಬೆಂಝ್ ನಕ್ಷತ್ರ ಇರುವ ಲಾರಿ ಅಂದರೆ ಆ ಕಾಲದ್ದು. ಆಗೆಲ್ಲ ಹೆಚ್ಚಿನ ಲಾರಿಗಳು ಕಂಪನಿಯಿಂದ ಚಾಸಿ, ಇಂಜಿನ್, ಮೂಗು ಇಷ್ಟೇ ಆಗಿ ಬರುತ್ತಿದ್ದವು. ಕ್ಯಾಬಿನ್ ಕಟ್ಟುವುದು ನಮ್ಮಲ್ಲೇ, ಬಡಗಿ ಮತ್ತು ಟಿಂಕರ್ ಸೇರಿ. ಹಾಗಾಗಿ ಒಂದರ ಹಾಗೆ ಇನ್ನೊಂದಿಲ್ಲ. ನಿಮ್ಮ ಲಾರಿಯ ಎಡಗಡೆ ಗ್ಲಾಸಿನ ಅಳತೆ ಬಲಗಡೆಗೆ ಆಗದೆ ಇರಬಹುದು. ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು ನೋಡಿ, ಐದಾರು ಮಿಲಿಮೀಟರ್ ವ್ಯತ್ಯಾಸ ಸಿಕ್ಕಿದರೆ ಗಾಬರಿ ಬೇಡ. ಅಂಗಡಿಯಲ್ಲಿ 'ಬೆಂಝ್ ಲಾರಿಯ ಗ್ಲಾಸ್ ರಬ್ಬರ್ ಕೊಡಿ' ಅಂತ ಕೇಳಿದರೆ ನಿಮ್ಮ ಕ್ಯಾಬಿನ್‌ಗೆ ಸರಿಯಾದದ್ದು ಸಿಗದೆ ಇರುವುದೂ ಅದಕ್ಕೇ. ಮೀಟರ್ ಲೆಕ್ಕದಲ್ಲಿ ಸಿಗುವ ರಬ್ಬರ್ ಬೀಡಿಂಗ್ ತಂದು ನಿಮ್ಮ ಕ್ಯಾಬಿನ್‌ಗೆ ತಕ್ಕ ಹಾಗೆ ಮಾಡಿಕೊಳ್ಳಬೇಕು.

ಈಗ ತಗಡು. ಹಳೆ ರಬ್ಬರ್ ಎಳೆದು ತೆಗೆಯಲು ಹೋಗಬೇಡಿ, ಚೂರಿಯಲ್ಲಿ ಕೊಯ್ದು ತೆಗೆಯಿರಿ. ಹೇಗೂ ಅದು ಉಪಯೋಗಕ್ಕಿಲ್ಲ, ಬೆಳ್ಳಗಾದ ಗ್ಲಾಸಾದರೂ ಅಳತೆಗೆ ಇಡಿಯಾಗಿ ಉಳಿಯಲಿ. ರಬ್ಬರ್ ಕೂರುವ ತಗಡಿನ ಅಂಚನ್ನು ವೈರ್ ಬ್ರಶ್‌ನಲ್ಲಿ ಉಜ್ಜಿ. ಕೆಳಗಿನ ಎರಡು ಮೂಲೆಗಳನ್ನು ನೋಡಿ, ತುಕ್ಕು ಅಲ್ಲೇ ಇರುತ್ತದೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಮೀರಿ ಮಳೆ, ಮೇಲಿಂದ ಉಪ್ಪಿನ ಗಾಳಿ. ರಬ್ಬರಿನ ಒಳಗೆ ಒಮ್ಮೆ ಹೋದ ನೀರು ಬೇಸಗೆವರೆಗೂ ಅಲ್ಲೇ ಕೂತಿರುತ್ತದೆ. ಸ್ಕ್ರೂ ಡ್ರೈವರ್ ತುದಿಯಿಂದ ಚುಚ್ಚಿ ನೋಡಿ. ಒಳಗೆ ಹೋಯಿತು ಅಂದರೆ ಆ ಜಾಗ ಕೊಯ್ದು 18 ಗೇಜ್ ತಗಡು ವೆಲ್ಡ್ ಮಾಡಿಸಬೇಕು. ಬೇರೆ ದಾರಿ ಇಲ್ಲ. ತೂತಿಗೆ ಪುಟ್ಟಿ ತುಂಬಿಸಿ ಮುಚ್ಚುವವರು ಇದ್ದಾರೆ, ಬೇಡವೇ ಬೇಡ. ಪುಟ್ಟಿ ದಪ್ಪ ಆದರೆ ರಬ್ಬರಿನ ಗಾಡಿ (ಅಂಚು ಹಿಡಿಯಲು ರಬ್ಬರಿನಲ್ಲಿರುವ ಉದ್ದ ಸೀಳು) ಅದರ ಮೇಲೆ ಕೂರುವುದಿಲ್ಲ, ಕೂತರೂ ಘಟ್ಟದ ರಸ್ತೆಯ ಕುಲುಕಾಟಕ್ಕೆ ಪುಟ್ಟಿ ಬಿರುಕು ಬಿಟ್ಟು ಮತ್ತೆ ಅಲ್ಲಿಂದಲೇ ನೀರು.

ಇಲ್ಲಿ ನನ್ನದೇ ಒಂದು ಅನುಭವ ಹೇಳಬೇಕು. ನಾನು ಮೊದಲು ಸರಿ ಮಾಡಿದ ಲಾರಿಗೆ ಗ್ಲಾಸ್ ಚೆನ್ನಾಗಿಯೇ ಕೂತಿತ್ತು. ಮೂರನೇ ದಿನ ಬೆಳಿಗ್ಗೆ ನೋಡಿದರೆ ಎಡಗಡೆ ಕೆಳಮೂಲೆಯಿಂದ ಮೇಲಕ್ಕೆ ಕೂದಲೆಳೆಯಂಥ ಬಿರುಕು. ಯಾರೂ ಮುಟ್ಟಿಲ್ಲ, ಕಲ್ಲು ಬಿದ್ದಿಲ್ಲ. ರಬ್ಬರ್ ಬಿಚ್ಚಿ ತಗಡಿನ ಮೇಲೆ ಬೆರಳು ಎಳೆದೆ. ತೊಗರಿ ಬೇಳೆಯಷ್ಟು ವೆಲ್ಡಿಂಗ್ ಗಂಟು, ಸರಿಯಾಗಿ ಆ ಬಿರುಕು ಶುರುವಾದ ಜಾಗದಲ್ಲೇ. ರಬ್ಬರ್ ದಾಟಿ ಅದು ಗಾಜಿನ ಅಂಚನ್ನು ಒತ್ತುತ್ತಿತ್ತು. ಗಾಜಿನ ಮುಖಕ್ಕೆ ಎಷ್ಟೋ ಪೆಟ್ಟು ತಡೆಯುತ್ತದೆ, ಅಂಚಿಗೆ ಅಷ್ಟು ಒತ್ತಡವೂ ತಡೆಯುವುದಿಲ್ಲ. ಅವತ್ತಿನಿಂದ ಗ್ರೈಂಡರ್ ಹಿಡಿದ ಮೇಲೆ ನಾನು ಕಣ್ಣು ಮುಚ್ಚಿ ಬರಿ ಬೆರಳಲ್ಲಿ ಇಡೀ ಅಂಚು ಒಂದು ಸುತ್ತು ಸವರುತ್ತೇನೆ. ನೀವೂ ಹಾಗೇ ಮಾಡಿ. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗುತ್ತದೆ.

ಗ್ಲಾಸ್ ಯಾವುದು? ಲ್ಯಾಮಿನೇಟೆಡ್. ಎರಡು ಗಾಜಿನ ಹಾಳೆ, ನಡುವೆ ಪಿವಿಬಿ ಅನ್ನುವ ಪ್ಲಾಸ್ಟಿಕ್ ಪದರ. ಕಲ್ಲು ಬಡಿದರೂ ಚೂರುಗಳು ಆ ಪದರಕ್ಕೆ ಅಂಟಿಕೊಂಡು ನಿಲ್ಲುತ್ತವೆ, ರಸ್ತೆ ಕಾಣುತ್ತಿರುತ್ತದೆ. ಟಫನ್ಡ್ ಹಾಗಲ್ಲ, ಒಂದು ಪೆಟ್ಟಿಗೆ ಇಡೀ ಗ್ಲಾಸ್ ಬೂಂದಿ ಕಾಳಿನ ಹಾಗೆ ಆಗುತ್ತದೆ, ಘಾಟಿಯ ತಿರುವಿನಲ್ಲಿ ಹಾಗಾದರೆ ಎದುರಿನದ್ದು ಒಂದೂ ಕಾಣುವುದಿಲ್ಲ. ಮತ್ತೆ ಟಫನ್ಡ್ ಒಮ್ಮೆ ತಯಾರಾದ ಮೇಲೆ ಕತ್ತರಿಸಲಿಕ್ಕೂ ಆಗುವುದಿಲ್ಲ. ಅಳತೆ 2 ಮಿಲಿಮೀಟರ್ ಜಾಸ್ತಿ ಆಯ್ತು ಅಂತ ಅಂಚು ಉಜ್ಜಲು ಹೋದರೆ ಪುಡಿ. ನಿಮ್ಮದು ಚಪ್ಪಟೆ ಗ್ಲಾಸ್ ಆದ್ದರಿಂದ ಒಳ್ಳೆಯದೇ ಆಯ್ತು. ಕೈಪಳಗಿದ ಗಾಜಿನ ಅಂಗಡಿಯವರು ಲ್ಯಾಮಿನೇಟೆಡ್ ಶೀಟನ್ನು ಎರಡೂ ಬದಿ ಗೀರಿ, ಮುರಿದು, ನಡುವಿನ ಪದರವನ್ನು ಬ್ಲೇಡಿನಲ್ಲಿ ಕೊಯ್ದು ಕೊಡುತ್ತಾರೆ. ಮನೆ ಕಿಟಕಿಗೆ ಹಾಕುವ ಲ್ಯಾಮಿನೇಟೆಡ್‌ನಲ್ಲಿ ಪದರ 0.38 ಮಿಲಿಮೀಟರ್ ಇರುವುದೂ ಉಂಟು. ನೀವು 0.76ರದ್ದೇ ಬೇಕು ಅಂತ ಕೇಳಿ, ಶೀಟಿನ ಮೇಲೆ ವಾಹನದ ಸೇಫ್ಟಿ ಗ್ಲಾಸಿನ ಗುರುತು ಇದೆಯಾ ನೋಡಿ. ಐಎಸ್ 2553ರ ಎರಡನೇ ಭಾಗ ಅನ್ನುವುದು ಅದರ ಮಾನದಂಡ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 100ನೇ ನಿಯಮ ಈ ಗಾಜಿನದ್ದೇ, ಎದುರಿನ ಗ್ಲಾಸಿನಲ್ಲಿ ಕನಿಷ್ಠ 70 ಶೇಕಡಾ ಬೆಳಕು ದಾಟಬೇಕು ಅಂತ ಅದರಲ್ಲಿದೆ. ಹಾಗಾಗಿ ಕಪ್ಪು ಛಾಯೆಯ ಗಾಜು ಚಂದ ಕಾಣುತ್ತದೆ ಅಂತ ಆರಿಸಬೇಡಿ.

ರಬ್ಬರಿನ ತುಂಡನ್ನು ಅಡ್ಡ ಕೊಯ್ದು ನೋಡಿದರೆ ಇಂಗ್ಲಿಷಿನ ಎಚ್ ಅಕ್ಷರದ ಹಾಗೆ ಕಾಣುತ್ತದೆ. ಒಂದು ಗಾಡಿಯಲ್ಲಿ ಗಾಜು, ಇನ್ನೊಂದರಲ್ಲಿ ತಗಡು. ಅಂಗಡಿಗೆ ಹೋಗುವಾಗ ನಿಮ್ಮ ಹಳೆ ರಬ್ಬರಿನ ಒಂದು ಗೇಣು ತುಂಡು, ಗಾಜಿನ ಒಂದು ಚೂರು, ತಗಡಿನ ದಪ್ಪದ ಅಳತೆ ಮೂರೂ ತೆಗೆದುಕೊಂಡು ಹೋಗಿ. ಗಾಜು ಗಾಡಿಯಲ್ಲಿ ಸಡಿಲ ಆಡಿದರೆ ಆ ರಬ್ಬರ್ ಬೇಡ. 'ಸಿಲಿಕಾನ್ ಹಾಕಿದ್ರೆ ಸರಿ ಆಗ್ತದೆ' ಅಂತಾರೆ, ಒಪ್ಪಬೇಡಿ. ಇಪಿಡಿಎಂ ರಬ್ಬರ್ ಸಿಕ್ಕಿದರೆ ಅದನ್ನೇ ಕೊಳ್ಳಿ. ಬಿಸಿಲಿಗೆ ಮಾಮೂಲಿ ರಬ್ಬರಿಗಿಂತ ಎಷ್ಟೋ ಜಾಸ್ತಿ ಬಾಳುತ್ತದೆ.

ಇನ್ನು ಅಳತೆ, ಇದರಲ್ಲಿ ಅವಸರ ಬೇಡ. ಗಾಜು ಕೊಯ್ಯಿಸುವ ಮೊದಲು ಗಾಜಿನಷ್ಟೇ ದಪ್ಪದ ಪ್ಲೈವುಡ್‌ನಲ್ಲಿ ಮಾದರಿ ಮಾಡಿ. ಲೆಕ್ಕ ಹೀಗೆ: ಕಿಂಡಿಯ ಅಗಲ 620 ಮಿಲಿಮೀಟರ್ ಅಂತ ಇಟ್ಟುಕೊಳ್ಳಿ. ರಬ್ಬರಿನ ಎರಡು ಗಾಡಿಗಳ ನಡುವಿನ ದಪ್ಪ 4 ಮಿಲಿಮೀಟರ್, ಎರಡು ಬದಿ ಸೇರಿ 8. ಮೇಲೆ ಒಂದು 3 ಮಿಲಿಮೀಟರ್ ಸಡಿಲ. ಅಲ್ಲಿಗೆ ಮಾದರಿ 609. ಎತ್ತರಕ್ಕೂ ಇದೇ ಲೆಕ್ಕ. ಮೂಲೆಗಳನ್ನು ಕಿಂಡಿಯ ತಿರುವಿಗೆ ಸರಿಯಾಗಿ ದುಂಡಗೆ ಮಾಡಿ, ಚೂಪು ಮೂಲೆಗೆ ರಬ್ಬರ್ ಬಾಗುವುದಿಲ್ಲ, ಮಡಚಿಕೊಳ್ಳುತ್ತದೆ. ಆಮೇಲೆ ಆ ಪ್ಲೈವುಡ್‌ಗೆ ರಬ್ಬರ್ ಸುತ್ತಿ ನಿಜವಾಗಿ ಕಿಂಡಿಯಲ್ಲಿ ಕೂರಿಸಿ ನೋಡಿ. ಹೌದು, ಇಡೀ ಕೆಲಸ ಒಮ್ಮೆ ಮರದಲ್ಲಿ ಮಾಡುವುದು. ಪ್ಲೈವುಡ್ ಬಿಗಿಯಾದರೆ ಅರದಲ್ಲಿ ಉಜ್ಜಬಹುದು, ಗಾಜಿಗೆ ಆ ಅವಕಾಶ ಕಮ್ಮಿ. ಎರಡು ಬದಿಗೂ ಬೇರೆ ಬೇರೆ ಮಾದರಿ, ಮೇಲೆ 'ಎಡ', 'ಬಲ', 'ಹೊರಗೆ' ಅಂತ ಬರೆದಿಡಿ. ಕೊಯ್ದ ಗಾಜಿನ ಅಂಚನ್ನು ಉಜ್ಜಿಸಿ ನುಣುಪು ಮಾಡಿಸಿಕೊಳ್ಳಲು ಮರೆಯಬೇಡಿ.

ಇಷ್ಟಾದ ಮೇಲೆ ಪ್ರೈಮರ್, ಪೈಂಟ್. ಗಾಡಿಯೊಳಗೆ ಹೋಗುವ ಅಂಚಿಗೂ ಸರಿಯಾಗಿ ಪೈಂಟ್ ಬೀಳಬೇಕು, ಕಾಣುವುದಿಲ್ಲ ಅಂತ ಪೈಂಟರ್ ಬಿಡುವುದುಂಟು. ಎನಾಮಲ್ ಆದರೆ ನಾನು ಎರಡು ವಾರ ಮುಟ್ಟುವುದಿಲ್ಲ. ಹಸಿ ಪೈಂಟ್ ಮೇಲೆ ರಬ್ಬರ್ ಕೂತರೆ ಅದಕ್ಕೇ ಅಂಟಿಕೊಂಡು ಮತ್ತೆ ಬಿಚ್ಚುವಾಗ ಪೈಂಟ್ ಎದ್ದು ಬರುತ್ತದೆ.

ಕೂರಿಸುವ ದಿನ ಬಿಸಿಲಿರಲಿ. ರಬ್ಬರನ್ನು ಒಂದು ಗಂಟೆ ಅಂಗಳದಲ್ಲಿ ಬಿಸಿಲಿಗೆ ಹಾಕಿ, ಮೆತ್ತಗಾಗುತ್ತದೆ. ಮೇಜಿನ ಮೇಲೆ ಹಳೆ ಕಂಬಳಿ ಹಾಸಿ ಗಾಜು ಮಲಗಿಸಿ, ಸುತ್ತ ರಬ್ಬರ್ ಹಾಕಿ. ಎಳೆದು ಹಾಕಬೇಡಿ. ಎಳೆದ ರಬ್ಬರ್ ನಾಲ್ಕು ದಿನದಲ್ಲಿ ತನ್ನ ಉದ್ದಕ್ಕೆ ವಾಪಸ್ ಹೋಗಿ ಜಾಯಿಂಟ್ ಬಾಯಿ ಬಿಡುತ್ತದೆ. ಬೇಕಾದ್ದಕ್ಕಿಂತ ಒಂದು ಸೆಂಟಿಮೀಟರ್ ಜಾಸ್ತಿಯೇ ಕೊಯ್ದು ಒತ್ತಿ ಸೇರಿಸಿ, ಫೆವಿಕ್ವಿಕ್‌ನಂಥ ಅಂಟು ಒಂದು ಹನಿ ಸಾಕು. ಜಾಯಿಂಟ್ ಮೇಲಿನ ಬದಿಗೆ ನಡುವಿನಲ್ಲಿ ಬರಲಿ ಅನ್ನುವುದು ನನ್ನ ಪದ್ಧತಿ, ಯಾಕೆಂದರೆ ನೀರು ನಿಲ್ಲುವುದು ಕೆಳಗೆ.

ಈಗ ಹಗ್ಗ. ನಾಲ್ಕೈದು ಮಿಲಿಮೀಟರ್ ದಪ್ಪದ ನುಣುಪಾದ ನೈಲಾನ್ ಹಗ್ಗ ಬೇಕು, ಮಲ್ಪೆ ಕಡೆ ಬೋಟಿನ ಸಾಮಾನಿನ ಅಂಗಡಿಗಳಲ್ಲಿ ಒಳ್ಳೆಯದು ಸಿಗುತ್ತದೆ. ತಗಡು ಕೂರುವ ಗಾಡಿಯೊಳಗೆ ಹಗ್ಗವನ್ನು ಸುತ್ತಲೂ ತುಂಬಿಸಿ. ಎರಡು ತುದಿ ಕೆಳಗೆ ನಡುವಿನಲ್ಲಿ ಒಂದು ಗೇಣು ಒಂದರ ಮೇಲೊಂದು ದಾಟಲಿ, ತುದಿಗಳು ಕ್ಯಾಬಿನ್ ಒಳಕ್ಕೆ ತೂಗಲಿ. ರಬ್ಬರಿಗೂ ತಗಡಿಗೂ ಪಾತ್ರೆ ತೊಳೆಯುವ ಸೋಪಿನ ನೀರು ಧಾರಾಳ ಹಚ್ಚಿ. ಗ್ರೀಸ್, ಡೀಸೆಲ್, ಸೀಮೆಎಣ್ಣೆ, ತೆಂಗಿನೆಣ್ಣೆ ಯಾವುದೂ ಬೇಡ, ಎಣ್ಣೆಗೆ ರಬ್ಬರ್ ಉಬ್ಬಿ ಹಾಳಾಗುತ್ತದೆ. ತಮ್ಮ ಹೊರಗೆ ನಿಂತು ಗ್ಲಾಸನ್ನು ಕಿಂಡಿಗೆ ಇಟ್ಟು ಅಂಗೈಯಿಂದ ಒತ್ತಲಿ. ನೀವು ಒಳಗೆ ಕೂತು ಹಗ್ಗದ ಒಂದು ತುದಿಯನ್ನು ಗ್ಲಾಸಿನ ನಡುಭಾಗದ ಕಡೆಗೆ ನಿಧಾನ ಎಳೆಯಿರಿ. ಹಗ್ಗ ಬರುತ್ತಾ ಬರುತ್ತಾ ರಬ್ಬರಿನ ತುಟಿ ಎದ್ದು ತಗಡಿನ ಈಚೆಗೆ ಮಗುಚಿಕೊಳ್ಳುತ್ತದೆ, 'ಪಟ್ ಪಟ್' ಅಂತ ಸದ್ದೂ ಕೇಳುತ್ತದೆ. ಈ ತುದಿ ಒಂದು ಗೇಣು, ಆ ತುದಿ ಒಂದು ಗೇಣು. ಮೊದಲು ಕೆಳಗೆ, ಆಮೇಲೆ ಎರಡು ಬದಿ, ಮೇಲ್ಭಾಗ ಕೊನೆಗೆ. ನೀವು ಎಲ್ಲಿ ಎಳೆಯುತ್ತೀರೋ ತಮ್ಮ ಅಲ್ಲೇ ಹೊರಗಿಂದ ಅಂಗೈಯಿಂದ ತಟ್ಟಬೇಕು. ಸಿಕ್ಕಿಹಾಕಿಕೊಂಡರೆ ನಿಲ್ಲಿಸಿ. ಸುತ್ತಿಗೆ ಬೇಡ, ಸ್ಕ್ರೂ ಡ್ರೈವರ್ ಬೇಡ. ತುಟಿ ಮಡಚಿದ್ದರೆ ಮರದ ಸಟ್ಟುಗದ ಹಿಡಿ ಚಪ್ಪಟೆ ಮಾಡಿಕೊಂಡು ಬಿಡಿಸಿ.

ಅಂಗಡಿಯವರು ಲಾಕ್ ಪಟ್ಟಿ (ರಬ್ಬರಿನ ಮೇಲಿನ ಸೀಳಿಗೆ ತುರುಕಿ ಅದನ್ನು ಬಿಗಿ ಮಾಡುವ ಪಟ್ಟಿ) ಇರುವ ರಬ್ಬರ್ ಕೊಟ್ಟರೆ ಆ ಪಟ್ಟಿ ಎಲ್ಲ ಕೂತ ಮೇಲೆ ಕೊನೆಗೆ ಹಾಕುವುದು. ಅದರ ಜಾಯಿಂಟ್ ರಬ್ಬರಿನ ಜಾಯಿಂಟ್ ಮೇಲೆ ಬರದೆ ಇರಲಿ.

ಸಿಲಿಕಾನ್ ಯಾಕೆ ಬೇಡ ಅಂದರೆ, ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು ವಿನೆಗರ್ ವಾಸನೆಯದ್ದು. ಅದು ಒಣಗುವಾಗ ಬಿಡುವ ಅಸಿಟಿಕ್ ಆಮ್ಲ ತಗಡಿಗೆ ತುಕ್ಕು ಹಿಡಿಸುತ್ತದೆ. ಈಗಿನ ಕಾರುಗಳಿಗೆ ಹಾಕುವ ಪಾಲಿಯುರಿಥೇನ್ ಅಂಟೂ ಇದಕ್ಕಲ್ಲ, ನಾಳೆ ಗ್ಲಾಸ್ ಬದಲಿಸಬೇಕಾದರೆ ರಬ್ಬರ್ ಸಮೇತ ಕಿತ್ತು ತೆಗೆಯಬೇಕಾಗುತ್ತದೆ. ಅದರ ಬದಲು ಗಟ್ಟಿಯಾಗದ ಮಾಸ್ಟಿಕ್ ಅನ್ನುವ ಮೆತ್ತನೆ ಪೇಸ್ಟ್ ಸಿಗುತ್ತದೆ. ಹೊರಗಿನ ತುಟಿ ಸ್ವಲ್ಪ ಎತ್ತಿ ತಗಡಿನ ಮೇಲೆ ಸಣ್ಣ ಗೆರೆಯಷ್ಟು ಹಾಕಿ, ಉಕ್ಕಿದ್ದನ್ನು ಅವತ್ತೇ ಒರೆಸಿ.

ಪ್ರಶ್ನೆ: ನಮ್ಮ ಹಳೆ ಜೀಪಿಗೆ ಹೊಸ ಗ್ಲಾಸ್, ಹೊಸ ರಬ್ಬರ್ ಹಾಕಿಸಿಯೂ ಮಳೆಗಾಲದಲ್ಲಿ ಡ್ರೈವರ್ ಕಾಲಿನ ಹತ್ತಿರ ನೀರು. ಗ್ಯಾರೇಜಿನವರು ಎರಡು ಸಲ ಸಿಲಿಕಾನ್ ಬಳಿದರು. ರಬ್ಬರ್ ಮತ್ತೆ ಬದಲಿಸಬೇಕಾ? — ಸುರತ್ಕಲ್‌ನ ಓದುಗರು

ಉತ್ತರ: ಈಗಲೇ ಬೇಡಮ್ಮಾ. ಮೊದಲು ನೀರು ಎಲ್ಲಿಂದ ಬರುತ್ತದೆ ಅಂತ ಗೊತ್ತಾಗಲಿ. ಗ್ಲಾಸಿನ ಒಳಬದಿ ರಬ್ಬರಿನ ಸುತ್ತ ಟಾಲ್ಕಮ್ ಪೌಡರ್ ಉದುರಿಸಿ ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಲಿ. ಹೊರಗಿಂದ ಪೈಪಿನಲ್ಲಿ ನೀರು ಬಿಡಿ, ಜೋರಾಗಿ ಅಲ್ಲ, ಸುಮ್ನೆ ಹರಿಯುವಷ್ಟು. ಕೆಳಗಿನಿಂದ ಶುರು ಮಾಡಿ, ಒಂದೊಂದು ಜಾಗಕ್ಕೆ ಐದು ನಿಮಿಷ ಕೊಟ್ಟು ಮೇಲೆ ಹೋಗಿ. ಮೇಲಿನಿಂದ ಶುರು ಮಾಡಿದರೆ ಎಲ್ಲ ಕಡೆ ಒದ್ದೆ, ಯಾವುದೂ ಗೊತ್ತಾಗುವುದಿಲ್ಲ. ಪೌಡರಿನಲ್ಲಿ ನೀರಿನ ದಾರಿ ಗೆರೆಯಾಗಿ ಕಾಣುತ್ತದೆ. ಜೀಪಿನಲ್ಲಿ ಗ್ಲಾಸಿನ ಚೌಕಟ್ಟೇ ಬಾನೆಟ್ ಕಡೆಗೆ ಮಡಚುವ ತರ ಇರುವುದರಿಂದ ಚೌಕಟ್ಟಿಗೂ ಬಾಡಿಗೂ ನಡುವೆ ಬೇರೆಯೇ ಒಂದು ರಬ್ಬರ್ ಉಂಟು, ಅದನ್ನು ಬದಲಿಸಿದ್ದಾರಾ ಕೇಳಿ. ಅನೇಕ ಸಲ ತಪ್ಪು ಅಲ್ಲೇ ಇರುತ್ತದೆ. ಮತ್ತೆ ವೈಪರ್ ಮೋಟಾರಿನ ತೂತು ಕೂಡ ನೋಡಿ. ಬಳಿದ ಸಿಲಿಕಾನ್ ಪೂರ್ತಿ ಕೆತ್ತಿ ತೆಗೆಯದೆ ಬೇರೆ ಏನು ಹಾಕಿದರೂ ಹಿಡಿಯುವುದಿಲ್ಲ.

ಪ್ರಶ್ನೆ: ಗಟ್ಟಿಯಾದ ಹಳೆ ರಬ್ಬರನ್ನು ಬಿಸಿ ನೀರಲ್ಲಿ ಹಾಕಿ ಮತ್ತೆ ಉಪಯೋಗಿಸಬಹುದಾ? — ಕಾಪುವಿನ ಓದುಗರು

ಉತ್ತರ: ಇಲ್ಲ. ಬಿಸಿ ಇರುವಷ್ಟು ಹೊತ್ತು ಮೆತ್ತಗೆ ಕಾಣುತ್ತದೆ, ಆರಿದ ಮೇಲೆ ಮತ್ತೆ ಮೊದಲಿನ ಹಾಗೇ. ಬಿಸಿಲಿಗೆ ಒಣಗಿ ಬಿರುಕು ಬಿಟ್ಟ ರಬ್ಬರ್ ಮತ್ತೆ ಜೀವ ಹಿಡಿಯುವುದಿಲ್ಲ. ಆದರೆ ಬಿಸಾಡಬೇಡಿ, ಹೊಸದು ಕೊಳ್ಳುವಾಗ ಅಂಗಡಿಯವರಿಗೆ ತೋರಿಸಲು ಒಂದು ಗೇಣು ಇಟ್ಟುಕೊಳ್ಳಿ.