ನಾಳೆ ಶಾಲೆ ಇದೆಯೋ ಇಲ್ಲವೋ

ಹಿಮ ಸುರಿಯಲು ಆರಂಭವಾಗಿ ಮೂರನೆಯ ವಾರ ನಡೆಯುತ್ತಿತ್ತು. ರಸ್ತೆಗಳು ಇನ್ನೂ ಸುರಕ್ಷಿತವಾಗಿರಲಿಲ್ಲವಾದ್ದರಿಂದ ಈ ದಂಪತಿ ಆಪ್ತಸಲಹೆಗಾಗಿ ವಿಡಿಯೊ ಕರೆಯಲ್ಲಿಯೇ ನನ್ನೊಂದಿಗೆ ಮಾತನಾಡಿದರು. ತಾಯಿ ನರ್ಸ್. ಶಾಲೆಗಳು ಮುಚ್ಚಿದರೂ ಆಸ್ಪತ್ರೆ ಮುಚ್ಚುವುದಿಲ್ಲ. ಬದಲಿ ಸಿಬ್ಬಂದಿ ತಲುಪಲಾಗದ ರಾತ್ರಿಗಳಲ್ಲಿ ಆಕೆ ಅಲ್ಲಿಯೇ ಉಳಿಯುತ್ತಿದ್ದರು. ತಂದೆಗೆ ಮನೆಯಿಂದಲೇ ಕಚೇರಿ ಕೆಲಸ, ದಿನದ ಬಹುಪಾಲು ಸಭೆಗಳಲ್ಲಿ. ಹದಿಮೂರರ ಮಗಳು, ಏಳರ ಮಗ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಾಯಿಸಿದ್ದೇನೆ. ಬರೆಯಲು ಅವರ ಒಪ್ಪಿಗೆಯಿದೆ.

ತಾಯಿಯ ದೂರು ನೇರವಾಗಿತ್ತು: “ಕೆಲಸ ಮುಗಿಸಿ ಬಂದರೆ ಮನೆಯಲ್ಲಿ ಯಾವುದಕ್ಕೂ ಹೊತ್ತುಗೊತ್ತಿಲ್ಲ. ಮಗ ಟ್ಯಾಬ್ಲೆಟ್ ಹಿಡಿದಿರುತ್ತಾನೆ, ಕಸಿದುಕೊಂಡರೆ ಕಿರುಚುತ್ತಾನೆ. ಮಗಳು ಬೆಳಗಿನ ಜಾವ ಮೂರಕ್ಕೆ ಮಲಗಿ ಮಧ್ಯಾಹ್ನ ಏಳುತ್ತಾಳೆ. ಇವರು ಏನೂ ಮಾಡುವುದಿಲ್ಲ.” ತಂದೆಯ ಉತ್ತರವೂ ಸಿದ್ಧವಾಗಿತ್ತು: “ನಾಳೆ ಶಾಲೆ ತೆರೆಯುತ್ತದೆ ಎಂದೇ ಪ್ರತಿದಿನ ಅಂದುಕೊಂಡೆ. ಇದೊಂದು ದಿನಕ್ಕೆ ವೇಳಾಪಟ್ಟಿ ಯಾಕೆ?”

ಆ ಮನೆಯ ಕಷ್ಟವೆಲ್ಲ ಈ ‘ಇದೊಂದು ದಿನ’ದಲ್ಲಿ ಅಡಗಿತ್ತು ಎಂದು ನನಗೆ ಅನ್ನಿಸಿತು. ಮೊದಲ ದಿನ ಮಕ್ಕಳು ಹಿಮದಲ್ಲಿ ಕುಣಿದು ದಣಿದರು, ತಡವಾಗಿ ಮಲಗಿದರು. ಇದೊಂದು ದಿನ, ಇರಲಿ ಎಂದು ಹಿರಿಯರು ಸುಮ್ಮನಿದ್ದರು. ಮರುದಿನವೂ ಇದೊಂದು ದಿನವೇ. ಹೀಗೆ ದಿನದಿನವೂ ಕೊಟ್ಟ ವಿನಾಯಿತಿಯೇ ಮನೆಯ ನಿಯಮವಾಗಿ ನಿಂತಿತು. ಯಾರೂ ಇದನ್ನು ಒಪ್ಪಿ ಆರಿಸಿಕೊಂಡಿರಲಿಲ್ಲವಾದ್ದರಿಂದ ಯಾರಿಗೂ ಇದನ್ನು ಬದಲಿಸುವ ಅಧಿಕಾರ ತಮಗಿದೆ ಎಂದು ತೋಚಲಿಲ್ಲ.

2020ರ ಲಾಕ್‌ಡೌನ್‌ನಲ್ಲಿ ಇದೇ ಮನೆ ಹೇಗೋ ನಿಭಾಯಿಸಿತ್ತಂತೆ. ಆಗ ಹಾಗೆ, ಈಗ ಯಾಕೆ ಹೀಗೆ ಎಂದು ತಾಯಿ ಕೇಳಿದರು. ವ್ಯತ್ಯಾಸ ಇರುವುದು ಕಾಯುವಿಕೆಯಲ್ಲಿ. ಆಗ ನಾಳೆ ಶಾಲೆ ಇಲ್ಲವೆಂಬುದು ಖಚಿತವಾಗಿತ್ತು. ಹಿಮದ ರಜೆಯಲ್ಲಿ ಪ್ರತಿ ಸಂಜೆ ಹವಾಮಾನ ವರದಿ, ಪ್ರತಿ ನಸುಕಿನಲ್ಲಿ ಶಾಲೆಯ ಸಂದೇಶ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದ ಬಗ್ಗೆ ಅವರಿಗೆ ಹೇಳಿದೆ. ಕಂಪ್ಯೂಟರ್ ಪರದೆಯ ಮೇಲಿನ ಕಲ್ಲಿನಡಿ ಹಾವಿದೆಯೇ ಎಂದು ಸ್ವಯಂಸೇವಕರು ಊಹಿಸಬೇಕು. ಹಾವಿದ್ದರೆ ಕೈಗೆ ಸಣ್ಣ ವಿದ್ಯುತ್ ಆಘಾತ. ಆಘಾತ ಖಂಡಿತ ಎಂದು ತಿಳಿದಿದ್ದಾಗಿನದಕ್ಕಿಂತ, ಆದೀತೋ ಇಲ್ಲವೋ ಎಂಬ ಸಾಧ್ಯತೆ ಸರಿಸಮವಾಗಿದ್ದಾಗ ಅವರ ಒತ್ತಡ ಅತಿ ಹೆಚ್ಚಿತ್ತು. ಈ ಮನೆಯವರು ಮೂರು ವಾರ ಪ್ರತಿ ರಾತ್ರಿ ಅಂಥ ಸರಿಸಮದ ಸ್ಥಿತಿಯಲ್ಲಿ ಮಲಗುತ್ತಿದ್ದರು.

ಹುಡುಗನ ಹೊಟ್ಟೆನೋವು ಇದಕ್ಕೆ ಪುರಾವೆಯಂತಿತ್ತು. ಪ್ರತಿ ಸಂಜೆ ಅವನಿಗೆ ಹೊಟ್ಟೆ ನೋಯುತ್ತಿತ್ತು. ಮಕ್ಕಳ ವೈದ್ಯರು ಪರೀಕ್ಷಿಸಿ ದೈಹಿಕ ಕಾರಣವಿಲ್ಲ ಎಂದಿದ್ದರು. ಎಷ್ಟು ಹೊತ್ತಿಗೆ ಶುರುವಾಗುತ್ತದೆ ಎಂದು ಕೇಳಿದೆ. ಅಪ್ಪ ಫೋನ್ ತೆರೆದು “ನಾಳೆ ಏನಂತೆ ನೋಡೋಣ” ಎನ್ನುವ ಹೊತ್ತಿಗೆ! ತಂದೆತಾಯಿ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಮಗುವಿನ ನೋವು ನಿಜವಾದ ನೋವೇ, ನಟನೆಯಲ್ಲ. ಆತಂಕ ಚಿಕ್ಕ ಮಕ್ಕಳಲ್ಲಿ ಅನೇಕ ಸಲ ಹೊಟ್ಟೆಯ ಮೂಲಕವೇ ಮಾತನಾಡುತ್ತದೆ. ಜ್ವರ, ಮತ್ತೆ ಮತ್ತೆ ವಾಂತಿ, ತೂಕ ಇಳಿಯುವುದು, ನಿದ್ದೆಯಿಂದ ಎಬ್ಬಿಸುವಷ್ಟು ನೋವು, ಮಲದಲ್ಲಿ ರಕ್ತ, ಇವುಗಳಲ್ಲಿ ಯಾವುದಾದರೂ ಇದ್ದರೆ ಮಾತ್ರ ಆಪ್ತಸಲಹೆಯನ್ನು ಬದಿಗಿಟ್ಟು ಮತ್ತೆ ವೈದ್ಯರ ಬಳಿಗೇ ಹೋಗಬೇಕೆಂದು ತಿಳಿಸಿದೆ.

ಮಗಳಿಗೆ ತಲೆನೋವು ಬರುತ್ತದೆ ಎಂದು ತಾಯಿ ನಡುವೆ ಸಹಜವಾಗಿ ಹೇಳಿ ಮುಂದಕ್ಕೆ ಹೋದರು. ನಾನು ಅಲ್ಲಿಯೇ ನಿಲ್ಲಿಸಿದೆ. ಹಿಮ ಮುಸುಕಿದ ಮನೆಯಲ್ಲಿ ತಲೆನೋವು, ವಾಕರಿಕೆ, ಮಂಕು ಎಂದರೆ ಮನಸ್ಸಿನ ವಿಚಾರಕ್ಕೆ ಮೊದಲು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲದ ವಿಚಾರ ಬರಬೇಕು. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ತಾಪನ ಯಂತ್ರದ ಹೊಗೆ ಹೊರಹೋಗುವ ಕೊಳವೆಯನ್ನು ಹಿಮ ಮುಚ್ಚಿದರೆ ಅನಿಲ ಒಳಗೇ ಉಳಿಯುತ್ತದೆ. ಜನರೇಟರನ್ನು ಮನೆಯೊಳಗೆ, ಗ್ಯಾರೇಜಿನಲ್ಲಿ ಓಡಿಸುವುದು, ಹಿಂಬದಿಯ ಕೊಳವೆ ಹಿಮದಲ್ಲಿ ಹೂತ ಕಾರಿನಲ್ಲಿ ಎಂಜಿನ್ ಹಚ್ಚಿ ಕೂರುವುದು, ಎರಡೂ ಪ್ರಾಣಕ್ಕೆ ಎರವು. ಮನೆಯಿಂದ ಹೊರಬಂದಾಗ ತಲೆನೋವು ಕಡಿಮೆಯಾಗುತ್ತದೆಯೇ, ಉಳಿದವರಿಗೂ ಹಾಗಾಗುತ್ತಿದೆಯೇ ಎಂದು ಕೇಳಿದೆ. ಎರಡಕ್ಕೂ ಇಲ್ಲ ಎಂದರು. ಆದರೂ ತಂದೆ ಕರೆಯ ನಡುವೆಯೇ ಎದ್ದು ಹೋಗಿ ಆ ಅನಿಲದ ಎಚ್ಚರಿಕೆ ಸಾಧನವನ್ನು ಪರೀಕ್ಷಿಸಿದರು, ಹೊರಗಿನ ಕೊಳವೆಯ ಸುತ್ತಲಿನ ಹಿಮವನ್ನು ಸರಿಸಿ ಬಂದರು. ಸಾಧನ ಸರಿಯಾಗಿತ್ತು. ಮನಸ್ಸಿನ ಮಾತನ್ನು ಆಮೇಲೆ ಮುಂದುವರಿಸಿದೆವು.

ಈಗ ಕಿರುಚಾಟದ ವಿಷಯ. ತಂದೆ ಸಭೆಯಲ್ಲಿರುತ್ತಾರೆ. ಮಗ ಬಂದು ಕರೆಯುತ್ತಾನೆ, ಅವರು ಕೈಸನ್ನೆಯಿಂದ ಕಳಿಸುತ್ತಾರೆ. ಅವನು ಕಿರುಚುತ್ತಾನೆ. ಸಹೋದ್ಯೋಗಿಗಳಿಗೆ ಕೇಳಿಸಬಾರದೆಂದು ಟ್ಯಾಬ್ಲೆಟ್ ಕೈಗಿಡುತ್ತಾರೆ. ತಕ್ಷಣ ಮೌನ. ಅಮೆರಿಕದ ಮನಶ್ಶಾಸ್ತ್ರಜ್ಞ ಜೆರಾಲ್ಡ್ ಪ್ಯಾಟರ್‌ಸನ್ 1980ರ ದಶಕದ ಆರಂಭದಲ್ಲಿ ವಿವರಿಸಿದ ಬಲವಂತದ ಚಕ್ರ ಇದೇ. ಇಲ್ಲಿ ಇಬ್ಬರಿಗೂ ಬಹುಮಾನ ಸಿಗುತ್ತದೆ. ಕಿರುಚಿದವನಿಗೆ ಬೇಕಾದದ್ದು ದೊರೆಯುತ್ತದೆ, ಕೊಟ್ಟವನಿಗೆ ನೆಮ್ಮದಿ ದೊರೆಯುತ್ತದೆ. ಹಾಗಾಗಿ ಇಬ್ಬರೂ ನಾಳೆ ಅದನ್ನೇ ಮಾಡುತ್ತಾರೆ. ತಾಯಿ ಇದನ್ನು ಗಂಡನ ಸೋಮಾರಿತನ ಎಂದುಕೊಂಡಿದ್ದರು. ಈ ಚಕ್ರವನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಆ ಮನುಷ್ಯನ ಭುಜಗಳು ಸಡಿಲವಾದದ್ದು ಪರದೆಯಲ್ಲಿಯೂ ಕಾಣಿಸಿತು. ಮನೆಯಲ್ಲಿ ಯಾರೂ ಕೆಟ್ಟವರಲ್ಲದೆಯೂ ಕೆಟ್ಟ ರೂಢಿ ಬೆಳೆಯಬಲ್ಲದು ಎಂಬುದು ಅವರಿಬ್ಬರಿಗೂ ಕೇಳಿಸಬೇಕಾಗಿತ್ತು.

ಮಗಳೊಂದಿಗೆ ಪ್ರತ್ಯೇಕವಾಗಿ ಮಾತನಾಡಿದೆ. ಹದಿಹರೆಯದವರನ್ನು ತಂದೆತಾಯಿಯ ಮುಂದೆ ಕೂರಿಸಿಕೊಂಡು ಕೇಳುವುದರಲ್ಲಿ ನನಗೆ ನಂಬಿಕೆಯಿಲ್ಲ. ಮೊದಲು ಒಂದೊಂದೇ ಶಬ್ದದ ಉತ್ತರ ಕೊಟ್ಟಳು. ಆಮೇಲೆ ಹೇಳಿದಳು: “ತಮ್ಮನನ್ನು ನೋಡಿಕೊಳ್ಳಬೇಕಾದಾಗ ನಾನು ದೊಡ್ಡವಳು. ಸ್ನೇಹಿತರ ಜೊತೆ ಮಾತನಾಡಬೇಕಾದಾಗ ಚಿಕ್ಕವಳು.” ರಾತ್ರಿ ಎಚ್ಚರವಾಗಿರುವುದಕ್ಕೂ ಕಾರಣವಿತ್ತು. ಎಲ್ಲರೂ ಮಲಗಿದ ಮೇಲೆ ಮಾತ್ರ ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಬದುಕಿನ ಬಗ್ಗೆ ಬೇಸರ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಇದೆಯೇ ಎಂದು ನೇರವಾಗಿಯೇ ಕೇಳಿದೆ. ಇಲ್ಲ ಎಂದಳು. ಹಾಗೆ ಕೇಳುವುದರಿಂದ ಅಂಥ ಯೋಚನೆ ತಲೆಗೆ ಹೊಗುವುದಿಲ್ಲ; ಕೇಳದೆ ಬಿಡುವುದೇ ಅಪಾಯ. ಅವಳು ನನಗೆ ಹೇಳಿದ್ದರಲ್ಲಿ ಯಾವುದನ್ನು ಹಿರಿಯರಿಗೆ ತಿಳಿಸಬಹುದು ಎಂಬುದನ್ನು ಅವಳೇ ಆರಿಸಿದಳು.

ನಾನು ಕೊಟ್ಟ ಸಲಹೆಯ ಮುಖ್ಯ ಭಾಗ ಎರಡು ಹಾಳೆಗಳು. ಒಂದು, ಶಾಲೆ ಇರುವ ದಿನ. ಇನ್ನೊಂದು, ಶಾಲೆ ಇಲ್ಲದ ದಿನ. ಎರಡನ್ನೂ ನಾಲ್ವರೂ ಕೂತು ಒಮ್ಮೆಗೇ ಬರೆದು ಗೋಡೆಗೆ ಅಂಟಿಸಬೇಕು. ಎರಡರಲ್ಲಿಯೂ ಬೆಳಗು ಒಂದೇ ರೀತಿ ಇರಬೇಕು: ಏಳುವ ಹೊತ್ತು, ಬಟ್ಟೆ ಬದಲಿಸುವುದು, ತಿಂಡಿ, ಸ್ವಲ್ಪ ಹೊತ್ತು ಹೊರಗೆ. ಬೇರೆಯಾಗುವುದು ಅದರ ನಂತರ ಮಾತ್ರ. ಆಗ ಮಗು ಮಲಗುವ ಮುನ್ನ ತನ್ನ ನಾಳೆಯ ಮೊದಲ ಎರಡು ಗಂಟೆ ಹೇಗಿರುತ್ತದೆ ಎಂದು ಖಚಿತವಾಗಿ ತಿಳಿದಿರುತ್ತದೆ. ಹವಾಮಾನವನ್ನು ಒಬ್ಬ ಹಿರಿಯರು, ಒಂದು ಸಲ, ಮಕ್ಕಳ ಮುಂದಲ್ಲದೆ ನೋಡಬೇಕು. ಶಾಲೆಯ ಸಂದೇಶಕ್ಕೆ ಮಕ್ಕಳು ಕಾಯುವಂತಿಲ್ಲ. ತಿಂಡಿಯ ಹೊತ್ತಿಗೆ ಯಾವ ಹಾಳೆಯ ದಿನ ಎಂದು ತಿಳಿಸಿದರೆ ಸಾಕು.

ಗಂಟೆಗಂಟೆಗೂ ಪಾಠ, ಕರಕುಶಲ, ವ್ಯಾಯಾಮ ಎಂದು ತುಂಬಿದ ಪಟ್ಟಿಯನ್ನು ತಾಯಿ ತಕ್ಷಣ ಬರೆಯಲು ಹೊರಟರು. ನಾನು ತಡೆದೆ. ದಣಿದ ಮನೆಗೆ ನಾಲ್ಕೈದು ಗೂಟಗಳಿದ್ದರೆ ಸಾಕು, ನಡುವಿನ ಹೊತ್ತು ಖಾಲಿ ಇರಲಿ. ಮಕ್ಕಳಿಗೆ ಬೇಸರವಾಗಲಿ ಬಿಡಿ. ಬೇಸರವನ್ನು ಓಡಿಸುವುದು ಹಿರಿಯರ ಕರ್ತವ್ಯವೇನೂ ಅಲ್ಲ.

ಬೆಳಿಗ್ಗೆ ಹೊರಗೆ ಹೋಗಬೇಕೆಂದು ನಾನು ಹಟ ಹಿಡಿದದ್ದು ಮಗಳ ನಿದ್ದೆಗಾಗಿ. ಬೆಳಕನ್ನು ಲಕ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಒಳಾಂಗಣದ ದೀಪದ ಬೆಳಕು ಸಾಮಾನ್ಯವಾಗಿ ಕೆಲವು ನೂರು ಲಕ್ಸ್‌ಗಿಂತ ಹೆಚ್ಚಿರುವುದಿಲ್ಲ. ಮೋಡ ಕವಿದಿದ್ದರೂ ಹಗಲಿನಲ್ಲಿ ಹೊರಗೆ ಸಾವಿರಾರು ಲಕ್ಸ್ ಇರುತ್ತದೆ, ಹೊಸ ಹಿಮ ತನ್ನ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ಹಿಂದಿರುಗಿಸುತ್ತದೆ. ದೇಹದ ಗಡಿಯಾರವನ್ನು ಹಿಂದಕ್ಕೆ ತರುವುದು ಈ ಬೆಳಗಿನ ಬೆಳಕು. ಹದಿಹರೆಯದಲ್ಲಿ ನಿದ್ದೆ ಬರುವ ಹೊತ್ತು ಸಹಜವಾಗಿಯೇ ತಡವಾಗುತ್ತದೆ, ಆದ್ದರಿಂದ “ಬೇಗ ಮಲಗು” ಎಂದು ಗದರಿಸಿ ಫಲವಿಲ್ಲ. ಏಳುವ ಹೊತ್ತನ್ನು ಎರಡು ದಿನಕ್ಕೊಮ್ಮೆ ಅರ್ಧ ಗಂಟೆಯಂತೆ ಹಿಂದಕ್ಕೆ ತನ್ನಿ, ಮಲಗುವ ಹೊತ್ತು ತಾನಾಗಿ ಹಿಂಬಾಲಿಸುತ್ತದೆ ಎಂದೆ. ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2016ರಲ್ಲಿ ಹೇಳಿದಂತೆ ಆ ವಯಸ್ಸಿಗೆ 8ರಿಂದ 10 ಗಂಟೆ, ತಮ್ಮನ ವಯಸ್ಸಿಗೆ 9ರಿಂದ 12 ಗಂಟೆ ನಿದ್ದೆ ಬೇಕು.

ತಮ್ಮನನ್ನು ನೋಡಿಕೊಳ್ಳುವ ಕೆಲಸಕ್ಕೆ ಹೊತ್ತು ಗೊತ್ತುಮಾಡಲು ಹೇಳಿದೆ. ಯಾವ ಗಂಟೆ, ಎಷ್ಟು ಹೊತ್ತು ಎಂಬುದನ್ನು ಮಗಳನ್ನು ಕೇಳಿ ನಿರ್ಧರಿಸಬೇಕು. ಉಳಿದ ಹೊತ್ತಿನಲ್ಲಿ ಅವಳು ಅಕ್ಕ ಮಾತ್ರ, ಆಯಾ ಅಲ್ಲ. ಸಂಜೆಯ ಒಂದು ಗಂಟೆ ಸ್ನೇಹಿತರೊಂದಿಗೆ ಮಾತನಾಡಲು ಅವಳದೇ. ಅದನ್ನು ಶಿಕ್ಷೆಯಾಗಿ ಕಿತ್ತುಕೊಳ್ಳಬಾರದು.

ತಂದೆಗೆ ಕೊಟ್ಟ ಕೆಲಸ ಚಿಕ್ಕದಾಗಿ ಕಂಡರೂ ಕಷ್ಟದ್ದು. ಮೊದಲ ಸಭೆಗೆ ಮುನ್ನ ಹತ್ತು ನಿಮಿಷ ಫೋನ್ ಇಲ್ಲದೆ ನೆಲದ ಮೇಲೆ ಕೂತು ಮಗನ ಆಟ ಆಡಬೇಕು. ಆಟದ ನಿಯಮ ಮಗನದು. ಪ್ರಶ್ನೆ, ತಿದ್ದುಪಡಿ, ಉಪದೇಶ ಯಾವುದೂ ಇಲ್ಲ. ಟ್ಯಾಬ್ಲೆಟ್ ಅತಿ ಮುಖ್ಯವಾದ ಸಭೆಯ ಹೊತ್ತಿನಲ್ಲಿಯೇ ಸಿಗಲಿ, ಆದರೆ ಸಭೆ ಶುರುವಾಗುವ ಮೊದಲೇ, ಅವನು ಶಾಂತವಾಗಿದ್ದಾಗ ಸಿಗಲಿ. ಕಿರುಚಿದ ಮೇಲೆ ಮಾತ್ರ ಬೇಡ. ಪರದೆಯ ಹೊತ್ತಿನ ಬಗ್ಗೆ ತಾಯಿಗೆ ಬಹಳ ಅಪರಾಧಿ ಭಾವವಿತ್ತು. ಇಂಥ ವಾರಗಳಲ್ಲಿ ಒಂದೆರಡು ಗಂಟೆ ಹೆಚ್ಚಾದರೆ ಆಗುವ ಹಾನಿಗಿಂತ, ಕಿರುಚಿದರೆ ಸಿಗುತ್ತದೆ ಎಂಬ ಪಾಠದಿಂದ ಆಗುವ ಹಾನಿ ದೊಡ್ಡದು ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲ ಕೆಲವು ದಿನ ಕಿರುಚಾಟ ಹೆಚ್ಚಾಗುತ್ತದೆ ಎಂದೂ ಎಚ್ಚರಿಸಿದೆ. ಇದುವರೆಗೆ ಫಲಿಸಿದ ಉಪಾಯ ಫಲಿಸದಿದ್ದಾಗ ಯಾವ ಮಗುವೂ ಮೊದಲು ಅದನ್ನೇ ಇನ್ನಷ್ಟು ಜೋರಾಗಿ ಪ್ರಯತ್ನಿಸುತ್ತದೆ. ಆಗ ಸೋತು ಕೊಟ್ಟುಬಿಟ್ಟರೆ ಹೊಸ ಎತ್ತರದ ಕಿರುಚಾಟಕ್ಕೆ ಬೆಲೆ ಕಟ್ಟಿದಂತಾಗುತ್ತದೆ.

ಹಾಗೆಯೇ ಆಯಿತು. ಒಂದು ದಿನ ಮಗ ಬಾಗಿಲಿಗೆ ಒದ್ದು ಅತ್ತ. ತಂದೆ ಸಭೆಯನ್ನು ಅರ್ಧಕ್ಕೆ ಬಿಟ್ಟು ಅವನ ಪಕ್ಕದಲ್ಲಿ ಸುಮ್ಮನೆ ಕೂತರು, ಟ್ಯಾಬ್ಲೆಟ್ ಕೊಡಲಿಲ್ಲ. ಅವರು ಆ ವಾರ ಮಾಡಿದ ಅತ್ಯಂತ ಒಳ್ಳೆಯ ಕೆಲಸ ಅದು. ಮುಂದಿನ ವಾರ ಶಾಲೆ ತೆರೆಯಿತು, ಎರಡು ದಿನದಲ್ಲಿ ಮತ್ತೆ ಮುಚ್ಚಿತು. ಮನೆಯವರು ಹಾಳೆ ಬದಲಿಸಿದರು, ಅಷ್ಟೇ. ಹೊಟ್ಟೆನೋವು ಪೂರ್ತಿ ನಿಲ್ಲಲಿಲ್ಲ, ಆದರೆ ದಿನಗಟ್ಟಲೆ ಬರಲಿಲ್ಲ. ಮಗಳು ಒಂಬತ್ತಕ್ಕೆ ಏಳುವ ಮಟ್ಟಕ್ಕೆ ಬಂದಳು. ತಲೆನೋವಿನ ಮಾತು ಮತ್ತೆ ಬರಲಿಲ್ಲ. ತಾಯಿಗೆ ಒಂಬತ್ತು ಗಂಟೆ ಇನ್ನೂ ತಡವೇ, ನನಗೆ ಅದು ದೊಡ್ಡ ಗೆಲುವು.

ಕೊನೆಯವರೆಗೂ ಸುಲಭವಾಗದೆ ಉಳಿದದ್ದು ಗಂಡಹೆಂಡಿರ ನಡುವಿನ ವಿಷಯ. ಪಾಳಿ ಮುಗಿಸಿ ಬಂದ ತಾಯಿ ಬಾಗಿಲಲ್ಲೇ ಮನೆಯ ತಪ್ಪುಗಳನ್ನು ಎಣಿಸುತ್ತಿದ್ದರು, ತಂದೆ ಮೌನವಾಗಿ ಹಿಮ ಗೋರಲು ಹೊರಗೆ ಹೋಗುತ್ತಿದ್ದರು. ಅವರಿಗೆ ರಕ್ತದೊತ್ತಡವಿದೆ, ಚಳಿಯಲ್ಲಿ ಭಾರದ ಹಿಮವನ್ನು ಎತ್ತಿ ಎಸೆಯುವುದು ಹೃದಯಕ್ಕೆ ದೊಡ್ಡ ಹೊರೆ, ಕೋಪದಲ್ಲಿ ಅದನ್ನು ಮಾಡುವುದಂತೂ ಬೇಡವೇ ಬೇಡ ಎಂದೆ. ದಂಪತಿಗಳ ಜಗಳವನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಜಾನ್ ಗಾಟ್‌ಮನ್, ವಾದದಲ್ಲಿ ಹೃದಯ ಬಡಿತ ನಿಮಿಷಕ್ಕೆ 100 ದಾಟಿದಾಗ ಎದುರಿನವರ ಮಾತು ತಲೆಗೆ ಹೋಗುವುದೇ ಇಲ್ಲ, ಶಾಂತವಾಗಲು ಕನಿಷ್ಠ 20 ನಿಮಿಷ ಬೇಕು ಎನ್ನುತ್ತಾರೆ. ಹಾಗಾಗಿ ಬಂದ ಮೇಲಿನ ಮೊದಲ 20 ನಿಮಿಷ ಮನೆಯ ವಿಚಾರ ಎತ್ತದಿರಲು ಇಬ್ಬರೂ ಒಪ್ಪಿದರು. ತಾಯಿ ಬಟ್ಟೆ ಬದಲಿಸಿ ಒಬ್ಬರೇ ಕೂರುತ್ತಾರೆ. ಆಮೇಲೆ ತಂದೆ ಆ ದಿನ ನಡೆದದ್ದನ್ನು, ಒಳ್ಳೆಯದನ್ನೂ ಸೇರಿಸಿ, ತಾವಾಗಿ ಹೇಳುತ್ತಾರೆ.

ಇದರಿಂದ ಜಗಳದ ದನಿ ತಗ್ಗಿತು, ಜಗಳದ ಕಾರಣ ಉಳಿಯಿತು. ಮಕ್ಕಳು ಮನೆಯಲ್ಲಿ ಉಳಿದಾಗ ಯಾರ ಕೆಲಸ ಬಗ್ಗಬೇಕು ಎಂಬ ಪ್ರಶ್ನೆಯನ್ನು ಅವರು ಮದುವೆಯಾದಂದಿನಿಂದ ಕೂತು ಮಾತನಾಡಿರಲಿಲ್ಲ. ರಸ್ತೆಗಳು ತೆರೆದ ಮೇಲೂ ಅವರಿಬ್ಬರು ಬರುತ್ತಿದ್ದಾರೆ. ಮುಂದಿನ ಚಳಿಗಾಲಕ್ಕೆ ಮೊದಲು ತಂದೆ ಬೆಳಗಿನ ಸಭೆಗಳನ್ನು ತಡವಾಗಿ ಇಡುವಂತೆ ಕಚೇರಿಗೆ ಪತ್ರ ಬರೆಯಬೇಕು, ತಾಯಿ ಪಾಳಿ ಅದಲುಬದಲಿಗೆ ಸಹೋದ್ಯೋಗಿಯೊಬ್ಬರನ್ನು ಈಗಲೇ ಕೇಳಿಡಬೇಕು ಎಂಬಲ್ಲಿಗೆ ಮಾತು ಬಂದಿದೆ. ಪತ್ರ ಹೋಗಿದೆ, ಉತ್ತರ ಇನ್ನೂ ಬಂದಿಲ್ಲ.