ರಾತ್ರಿ ಪ್ರಾರ್ಥನೆ ಬರೀ ಬೇಡಿಕೆ ಪಟ್ಟಿ ಆಗ್ತಿದೆ ಅಂದವರಿಗೆ

ರಾತ್ರಿ ಪ್ರಾರ್ಥನೆಗೆ ಕೂತರೆ ಬೇಡಿಕೆ ಬಿಟ್ಟು ಬೇರೇನೂ ಬಾಯಿಗೆ ಬರೋದಿಲ್ಲ, ಮಧ್ಯದಲ್ಲೇ ನಿದ್ದೆ ಹತ್ತುತ್ತೆ ಅಂದಿದ್ದೀರಿ. ನನಗೂ ಎಷ್ಟೋ ವರ್ಷ ಹಾಗೇ ಇತ್ತು.

16ನೇ ಶತಮಾನದಲ್ಲಿ ಕ್ರೈಸ್ತ ಸಂತ ಇಗ್ನೇಷಿಯಸ್ ಲೊಯೋಲ ಕಲಿಸಿದ ದಿನದ ಆತ್ಮಶೋಧನೆ, ಅಂದರೆ ಕಳೆದ ದಿನವನ್ನು ದೇವರ ಮುಂದೆ ನೆನೆದು ನೋಡುವ ಪ್ರಾರ್ಥನೆ, ಮಾಡಿ ನೋಡಿ. ಅದರಲ್ಲಿ 5 ಹೆಜ್ಜೆ ಇವೆ. ಮೊದಲನೆಯದೇ ದೇವರಿಗೆ ವಂದನೆ, ಕೃತಜ್ಞತೆ ಹೇಳೋದು. ತಪ್ಪುಗಳನ್ನು ನೋಡುವುದು ಆಮೇಲೆ. ನಾವು ಇದನ್ನೇ ಉಲ್ಟಾ ಮಾಡ್ತೀವಿ, ಅಲ್ವಾ?

ವಂದನೆ ಅಂದರೆ "ಎಲ್ಲದಕ್ಕೂ ಸ್ತೋತ್ರ ಸ್ವಾಮಿ" ಅಂತ ಒಂದೇ ಮಾತಲ್ಲಿ ಮುಗಿಸಬೇಡಿ. ಬೆಳಿಗ್ಗೆಯಿಂದ ನಿಧಾನವಾಗಿ ಬನ್ನಿ. ನಿನ್ನೆ ನನಗೆ ನೆನಪಾಗಿದ್ದು ಇಷ್ಟೇ: ಬೆಳಗಾವಿಯ ಜಡಿಮಳೆಯಲ್ಲಿ ಬಸ್ ಸ್ಟ್ಯಾಂಡ್ ಹತ್ತಿರ ಯಾರೋ ಅಜ್ಜಿ ತಮ್ಮ ಕೊಡೆಯನ್ನು ಅರ್ಧ ನನ್ನ ಕಡೆ ವಾಲಿಸಿದರು. ಅವರ ಎಡ ಭುಜ ಪೂರ್ತಿ ನೆನೆದಿತ್ತು. ಅದೊಂದರ ಮೇಲೆಯೇ 10 ನಿಮಿಷ ಸುಮ್ನೆ ಕೂತೆ. ಕಣ್ಣು ತುಂಬಿ ಬಂತು.

ಹಾಸಿಗೆ ಮೇಲೆ ಮಾತ್ರ ಬೇಡ. ಊಟಕ್ಕೆ ಮೊದಲು, ಕುರ್ಚಿಯಲ್ಲಿ ಕೂತು, ಮೊಬೈಲ್ ಬೇರೆ ಕೋಣೆಯಲ್ಲಿಟ್ಟು ಮಾಡಿ.

ಆದರೂ ನಿದ್ದೆ ಬಂದರೆ ಪಾಪ ಮಾಡಿದೆ ಅಂದುಕೊಳ್ಳಬೇಡಿ. ಬೈಬಲ್‌ನಲ್ಲಿ, ಸೋತು ಗಿಡದ ಕೆಳಗೆ ಮಲಗಿದ ಪ್ರವಾದಿ ಎಲೀಯನನ್ನು ದೇವದೂತ ಬೈಯಲಿಲ್ಲ. ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಅವನು ತಿಂದು ಮತ್ತೆ ಮಲಗಿದ. ಈ ಮಾತನ್ನು ನಾನು ತುಂಬಾ ಜನರಿಗೆ ಹೇಳ್ತೀನಿ, ಯಾಕೆಂದರೆ ದಣಿದವರೇ ಜಾಸ್ತಿ.

ಒಂದು ವಾರ ಮಾಡಿ, ಹೇಗಾಯ್ತು ಬರೀರಿ.